ಗೀಸರಿನ ಕೆಂಪು ದೀಪ ಆರಲೇ ಇಲ್ಲ

ನಲ್ಲಿ ತಿರುಗಿಸಿದರೆ ನೀರಿಗಿಂತ ಮೊದಲು ಹಬೆ ಬಂತು. ಆಮೇಲೆ ಬುಸ್ ಬುಸ್ ಅಂತ ಕುದಿಯುವ ನೀರು. ‘ನಮ್ಮ ಹಂಡೆ ಒಂದು ದಿನವೂ ಹೀಗೆ ಮಾಡಲಿಲ್ಲ ಕಣೋ’ ಎಂದು ಅಮ್ಮ ಬಚ್ಚಲಿನಿಂದಲೇ ಕೂಗಿದರು.

ನಮ್ಮದು 15 ಲೀಟರ್ ಗೀಸರ್, 2000 ವ್ಯಾಟ್ ಕಾಯಿಲ್. 25 ಡಿಗ್ರಿಯ ನೀರು 60ಕ್ಕೆ ಬರಲು ಸುಮಾರು 20 ನಿಮಿಷ ಸಾಕು. ಅಷ್ಟಾದಾಗ ದೀಪ ಆರಬೇಕು. ಅವತ್ತು ಮುಕ್ಕಾಲು ಗಂಟೆಯಾದರೂ ಉರಿಯುತ್ತಲೇ ಇತ್ತು. 40 ನಿಮಿಷಕ್ಕೆ ಆ ನೀರು ಕುದಿಯುತ್ತದೆ, ಲೆಕ್ಕ ಸರಿಯಾಗಿಯೇ ಇತ್ತು!

ಗೀಸರಿಗೆ ಹೋಗುವ ಕರೆಂಟು ಕಡಿಯುವ ಸ್ವಿಚ್ಚಾದ ಎಂಸಿಬಿ ಇಳಿಸಿ, ನೀರು ತಣ್ಣಗಾಗಲಿ ಎಂದು ಮಾರನೇ ದಿನದವರೆಗೆ ಕಾದೆ. ಕೆಳಗಿನ ಮುಚ್ಚಳ ಬಿಚ್ಚಿದ ಮೇಲೂ ಟೆಸ್ಟರ್ ಇಟ್ಟು ನೋಡಿದೆ. ಇದರಲ್ಲಿ ಅವಸರ ಬೇಡ. ನೀರು ಹದಕ್ಕೆ ಕಾದಾಗ ಕರೆಂಟು ಕಡಿಯುವ ಥರ್ಮೋಸ್ಟಾಟ್ ಕಡ್ಡಿಯ ಹಾಗಿರುತ್ತೆ, ತುದಿ ಮುಚ್ಚಿದ ಕೊಳವೆಯೊಳಗೆ ಕೂತಿರುತ್ತೆ. ಅದನ್ನು ಎಳೆಯಲು ನೀರು ಖಾಲಿ ಮಾಡಬೇಕಿಲ್ಲ. ಕಡ್ಡಿಯನ್ನಷ್ಟೇ ಕುದಿನೀರಿಗೆ ಅದ್ದಿ, ಅದರ ತಲೆಗೆ ಮಲ್ಟಿಮೀಟರ್ ಹಿಡಿದೆ; ಸಂಪರ್ಕ ಇರುವವರೆಗೆ ಅದು ಕೂಗುತ್ತೆ. ಥರ್ಮೋಸ್ಟಾಟ್ ಟಿಕ್ ಎಂದು ಸಂಪರ್ಕ ಕಡಿದುಕೊಳ್ಳಬೇಕಿತ್ತು. ಮೀಟರ್ ಕುಂಯ್ ಎನ್ನುತ್ತಲೇ ಇತ್ತು. ಒಳಗಿನ ಪಾಯಿಂಟುಗಳು ಅಂಟಿಕೊಂಡಿದ್ದವು.

ಆದರೆ ಥರ್ಮೋಸ್ಟಾಟ್ ಕೈಕೊಟ್ಟರೂ ಕಾಪಾಡಲೆಂದೇ ಪಕ್ಕದಲ್ಲಿ ಕಟೌಟ್ ಇರುತ್ತಲ್ವಾ? ನೀರು ಅತಿಯಾಗಿ ಕಾದರೆ ಅದು ಕರೆಂಟು ಕಡಿಯುತ್ತೆ, ನಾವೇ ಗುಂಡಿ ಒತ್ತುವವರೆಗೆ ಮತ್ತೆ ಕೊಡುವುದಿಲ್ಲ. ನೋಡಿದರೆ ಅದರ ಎರಡು ವೈರ್‌ಗಳನ್ನು ಒಟ್ಟಿಗೆ ತಿರುಚಿ ಟೇಪು ಸುತ್ತಿತ್ತು. ಹೋದ ವರ್ಷ ನೀರು ಕಾಯುತ್ತಿಲ್ಲವೆಂದು ಕರೆದಿದ್ದ ಮೆಕ್ಯಾನಿಕ್, ‘ಡೈರೆಕ್ಟ್ ಮಾಡಿದ್ದೀನಿ ಸಾರ್’ ಎಂದಿದ್ದ. ನಾನೂ ಸುಮ್ನೆ ತಲೆಯಾಡಿಸಿದ್ದೆ. ಥರ್ಮೋಸ್ಟಾಟ್ ಆಗಲೇ ಹಠ ಹಿಡಿದಿತ್ತೇನೋ, ಅದಕ್ಕೇ ಕಟೌಟ್ ಕಡಿದಿರಬೇಕು. ದೂರು ಹೇಳಿದವನ ಬಾಯಿಗೇ ಟೇಪು ಹಾಕಿದಂತಾಯಿತು.

ಹಳೆಯ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಕಡ್ಡಿಯ ಉದ್ದ, 16 ಆಂಪಿಯರ್ ಗುರುತು, ಎರಡನ್ನೂ ಹೊಂದಿಸಿ ತಂದೆ. ವೈರ್ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರಿಂದ ಜೋಡಿಸುವುದು ಕಷ್ಟವಾಗಲಿಲ್ಲ. ಸುಟ್ಟು ಕಪ್ಪಾಗಿದ್ದ ಒಂದು ವೈರ್ ತುದಿಯನ್ನು ಕತ್ತರಿಸಿ ಹೊಸ ಲಗ್ (ವೈರ್ ತುದಿಯ ಲೋಹದ ಕೊಂಡಿ) ಹಾಕಿದೆ.

ಇನ್ನೊಂದು ಅನುಮಾನವಿತ್ತು. ಒತ್ತಡ ಜಾಸ್ತಿಯಾದರೆ ನೀರು ಬಿಡುವ ಸೇಫ್ಟಿ ವಾಲ್ವಿನ ಲಿವರ್ ಎತ್ತಿದೆ, ಒಂದು ಹನಿಯೂ ಬರಲಿಲ್ಲ. ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಮುಚ್ಚಿಹೋಗಿತ್ತು. ಅದನ್ನು ಮಾತ್ರ ಪ್ಲಂಬರ್ ಕೈಲಿ ಬದಲು ಮಾಡಿಸಿದೆ.

ನಲ್ಲಿಯಲ್ಲಿ ನೀರು ಧಾರೆಯಾಗಿ ಬಂದು, ಟ್ಯಾಂಕ್ ತುಂಬಿದೆ ಎಂದು ಖಾತ್ರಿಯಾದ ಮೇಲೆ ಸ್ವಿಚ್ ಹಾಕಿದೆ. ಗಡಿಯಾರ ನೋಡುತ್ತಾ ನಿಂತೆ. 21ನೇ ನಿಮಿಷಕ್ಕೆ ಟಿಕ್ ಎಂದಿತು, ದೀಪ ಆರಿತು. ಅಮ್ಮ ಮಾತ್ರ ಈಗಲೂ ಬಕೆಟ್ಟಿಗೆ ತಣ್ಣೀರು ಬಿಟ್ಟುಕೊಂಡೇ ಬಿಸಿನೀರಿನ ನಲ್ಲಿ ಮುಟ್ಟುತ್ತಾರೆ.