ಐವತ್ತು ದಾಟಿದರೆ ಲಾರಿ ನಡುಗುತ್ತಿದೆಯೇ? ಪ್ರೊಪೆಲ್ಲರ್ ಶಾಫ್ಟ್ ಪರೀಕ್ಷಿಸುವುದು ಹೀಗೆ

ದಾವಣಗೆರೆಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ಹೊರಟರೆ ನಮ್ಮ ಮನೆಯ ಆರು ಚಕ್ರದ ಹಳೇ ಲಾರಿ ಐವತ್ತರ ವೇಗದವರೆಗೆ ಚೆನ್ನಾಗಿಯೇ ಓಡುತ್ತಿತ್ತು. ಐವತ್ತು ದಾಟಿತೋ, ಸೀಟಿನ ಕೆಳಗಿಂದ ನಡುಕ ಎದ್ದು ಗೇರ್ ಲಿವರ್‌ನ ತುದಿಯವರೆಗೆ ಬರುತ್ತಿತ್ತು. ‘ಹಿಂದಿನ ಟೈರ್ ಬದ್ಲು ಮಾಡ್ಸ್ರಿ, ಸರಿಹೋಗ್ತೈತಿ’ ಎಂದರು ನೋಡಿದವರು. ಮಾಡಿಸಿದೆವು, ಹೋಗಲಿಲ್ಲ. ಎಂಜಿನ್ನಿನ ಎಳೆತವನ್ನು ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಉದ್ದ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಅದನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗ್ ಬದಲಾಯಿತು, ಅದರ ಜಾಯಿಂಟ್‌ನೊಳಗೆ ಕೂರುವ, ಕೂಡುವ ಗುರುತಿನಂಥ ಯುಜೆ ಕ್ರಾಸ್ ಎರಡು ಸಲ ಬದಲಾಯಿತು. ಕೊನೆಗೆ ಸಿಕ್ಕ ದೋಷ ಸರಿಪಡಿಸಲು ಒಂದು ರೂಪಾಯಿಯ ಸಾಮಾನೂ ಬೇಕಾಗಲಿಲ್ಲ. ಅದೇನೆಂದು ಮುಂದೆ ಹೇಳುತ್ತೇನೆ. ಅಂಗಡಿಗೆ ಹೋಗುವ ಮೊದಲು ಅರ್ಧ ದಿನ ಹುಡುಕುವುದಕ್ಕೆ ಮೀಸಲಿಡಿ ಎಂದು ಇಷ್ಟು ಒತ್ತಿ ಹೇಳಲು ಅದೇ ಕಾರಣ.

ನಡುಕವನ್ನು ಹಾಗೇ ಬಿಟ್ಟು ಓಡಿಸಬೇಡಿ. ಶಾಫ್ಟ್‌ನ ಮುಂದಿನ ತುದಿ ಕಳಚಿ ರಸ್ತೆಗೆ ಊರಿಕೊಂಡರೆ ಓಡುತ್ತಿರುವ ಲಾರಿಯ ಹಿಂಭಾಗವನ್ನೇ ಎತ್ತಿಬಿಡಬಲ್ಲದು. ಶಾಫ್ಟ್‌ನ ಸುತ್ತ ಕಬ್ಬಿಣದ ಬಳೆಯಂಥ ಗಾರ್ಡ್ ಇರುವುದು ಇದಕ್ಕಾಗಿಯೇ. ಹಳೇ ಗಾಡಿಗಳಲ್ಲಿ ಅದು ಬಿಚ್ಚಿಹೋಗಿರುವುದೇ ಹೆಚ್ಚು. ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಮೊದಲು ರಸ್ತೆಯಲ್ಲಿ

ಚಾಲಕನ ಜೊತೆ ಇನ್ನೊಬ್ಬರು ಪುಸ್ತಕ, ಪೆನ್ನು ಹಿಡಿದು ಕೂರಲಿ. ನಾವು ಬೆಳಗಿನ ಜಾವ, ವಾಹನ ಸಂಚಾರ ಕಡಿಮೆ ಇರುವಾಗ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಭರಮಸಾಗರದ ಕಡೆಗೆ ಹೋಗಿ ನೋಡಿದೆವು. ಆ ರಸ್ತೆ ಮುಂದೆ ಸೇರುವ ಚಿತ್ರದುರ್ಗ ದಾವಣಗೆರೆಗಿಂತ ಎತ್ತರದಲ್ಲಿದೆ. ಹೋಗುವಾಗ ಎಂಜಿನ್ ಎಳೆಯುವಾಗಿನ ನಡುಕ, ಬರುವಾಗ ಕಾಲು ಬಿಟ್ಟಾಗಿನ ನಡುಕ ಎರಡೂ ತಿಳಿಯುತ್ತವೆ. ಖಾಲಿ ಗಾಡಿಯಲ್ಲಿ ಒಮ್ಮೆ, ಮಾಮೂಲಿ ಲೋಡಿನಲ್ಲಿ ಒಮ್ಮೆ ನೋಡಿ.

ನಡುಕ ಯಾವ ವೇಗದಲ್ಲಿ ಶುರುವಾಗುತ್ತದೆ ಎಂದು ಬರೆದುಕೊಳ್ಳಿ. ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ ನೋಡಿ. ಎಂಜಿನ್ ಸುತ್ತು ಏರಿದರೂ ನಡುಕ ಮೊದಲಿನಷ್ಟೇ ಇದ್ದರೆ ದೋಷ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಇದೆ. ಆಮೇಲೆ ಸಮತಟ್ಟಾದ, ಹಿಂದೆ ಮುಂದೆ ಯಾರೂ ಇಲ್ಲದ ಜಾಗದಲ್ಲಿ ಎಂಜಿನ್ ಆಫ್ ಮಾಡದೆ ಕೆಲವೇ ಕ್ಷಣ ನ್ಯೂಟ್ರಲ್ ಮಾಡಿ. ಇಳಿಜಾರಿನಲ್ಲಿ ಮಾತ್ರ ಇದನ್ನು ಮಾಡಲೇಬೇಡಿ. ನಡುಕ ಹಾಗೇ ಉಳಿದರೆ ಚಕ್ರ ಅಥವಾ ಶಾಫ್ಟ್. ನಿಂತುಹೋದರೆ ಎಳೆತದ ಭಾರ ಬಿದ್ದಾಗ ಮಾತ್ರ ಕಾಣುವ ದೋಷ: ಜಾಯಿಂಟಿನ ಕೋನ, ಎಂಜಿನ್, ಗೇರ್‌ಬಾಕ್ಸ್ ಕೂರುವ ಮೌಂಟಿಂಗ್ ರಬ್ಬರ್, ಶಾಫ್ಟ್‌ನ ಹಿಂದಿನ ತುದಿ ತಿರುಗಿಸುವ ಪಿನಿಯನ್ ಗೇರ್‌ನ ಬೇರಿಂಗ್. ನಿಂತ ಗಾಡಿಯಲ್ಲಿ ಅಷ್ಟೇ ಎಂಜಿನ್ ಸುತ್ತಿಗೆ ಅದುರಿದರೆ ಎಂಜಿನ್, ಕ್ಲಚ್ ಕಡೆ ನೋಡಬೇಕು.

ಚಕ್ರವೋ ಶಾಫ್ಟೋ ಎಂಬುದನ್ನು ಕೈಯೇ ಹೇಳುತ್ತದೆ. 10.00-20 ಟೈರ್ ಒಂದು ಸುತ್ತಿಗೆ ಸುಮಾರು 3.3 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 5 ಸುತ್ತು ತಿರುಗಿದರೆ, ಹಿಂದಿನ ಹೌಸಿಂಗ್‌ನ (ಹಿಂದಿನ ಆ್ಯಕ್ಸಲ್‌ನ ಗೇರ್‌ಗಳಿರುವ ಪೆಟ್ಟಿಗೆ) ಅನುಪಾತ 6ರ ಆಸುಪಾಸು ಇರುವ ಗಾಡಿಯಲ್ಲಿ ಶಾಫ್ಟ್ 30 ಸುತ್ತು ತಿರುಗುತ್ತದೆ. ಚಕ್ರದ ನಡುಕ ಎತ್ತಿಹಾಕಿದಂತೆ, ಎಣಿಸಬಹುದಾದಂತೆ ಇರುತ್ತದೆ. ಶಾಫ್ಟ್‌ನದು ಗುಂಯ್‌ಗುಡುವ, ಪಾದಕ್ಕೆ ಜುಮ್ಮೆನ್ನಿಸುವ ನಡುಕ. ಸ್ಟೇರಿಂಗ್ ಮಾತ್ರ ಅಲುಗಿದರೆ ಮುಂದಿನ ಚಕ್ರ ನೋಡಿ.

ಲಾರಿಯ ಕೆಳಗೆ

ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಮುಂದಿನ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ದಿಮ್ಮಿ ಕೊಡಿ. ಶಾಫ್ಟ್ ಬಿಚ್ಚಿದ ಮೇಲೆ ಗೇರಿಗೆ ಹಾಕಿಟ್ಟರೂ ಗಾಡಿ ನಿಲ್ಲುವುದಿಲ್ಲ. ಕೆಲವು ಸಣ್ಣ ಟ್ರಕ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದೇ ಗೇರ್‌ಬಾಕ್ಸ್‌ನ ಹಿಂದೆ. ಶಾಫ್ಟ್ ಬಿಚ್ಚಿದರೆ ಅದೂ ಕೆಲಸ ಮಾಡದು. ಜಾಕಿಯೊಂದನ್ನೇ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ.

ಮೊದಲು ಶಾಫ್ಟ್ ತೊಳೆಯಿರಿ. ನಮ್ಮ ಕಡೆಯ ಎರೆಮಣ್ಣು ಒಂದು ಮಗ್ಗುಲಿಗೆ ಗಟ್ಟಿಯಾಗಿ ಮೆತ್ತಿಕೊಂಡರೆ ಅಷ್ಟರಿಂದಲೇ ತೂಕ ತಪ್ಪುತ್ತದೆ. ಕೊಳವೆ ತಗ್ಗಾಗಿದೆಯೇ, ಸಮತೂಕಕ್ಕೆಂದು ಬೆಸೆದ ತೂಕದ ಬಿಲ್ಲೆ ಕಳಚಿ ವೆಲ್ಡಿಂಗ್ ಗುರುತು ಮಾತ್ರ ಉಳಿದಿದೆಯೇ, ಶಾಫ್ಟ್‌ನ ತುದಿಯನ್ನು ಕೂಡಿಸುವ ತಟ್ಟೆಯಂಥ ಫ್ಲ್ಯಾಂಜ್‌ನ ಬೋಲ್ಟ್ ಸಡಿಲಾಗಿದೆಯೇ ನೋಡಿ.

ಈಗ ಒಂದು ಕೈಯಲ್ಲಿ ಫ್ಲ್ಯಾಂಜ್, ಇನ್ನೊಂದರಲ್ಲಿ ಶಾಫ್ಟ್ ಹಿಡಿದು ತಿರುಚಿ, ಮೇಲೆ ಕೆಳಗೆ ಎತ್ತಿ. ಕ್ರಾಸ್‌ನಲ್ಲಿ ಕಣ್ಣಿಗೆ ಕಾಣುವ ಸಡಿಲು ಆಟ ಇರಬಾರದು. ಕ್ರಾಸ್‌ನ ನಾಲ್ಕು ತುದಿಗೂ ಟೊಪ್ಪಿಯಂತೆ ಕೂರುವ ಕಪ್‌ನ ಸೀಲ್ ಬಳಿ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ, ಗ್ರೀಸ್ ಹೊಡೆದರೂ ಅದು ಬದುಕುವುದಿಲ್ಲ. ಗ್ರೀಸ್ ಹೊಡೆಯುವಾಗ ನಾಲ್ಕೂ ಕಪ್‌ಗಳಿಂದ ಹಳೇ ಗ್ರೀಸ್ ಹೊರಬರಬೇಕು. ಮೂರರಿಂದ ಬಂದು ಒಂದರಿಂದ ಬಾರದಿದ್ದರೆ ಅದೇ ಮೊದಲು ಕೆಡುವುದು. ಲೋಡಿನಲ್ಲಿ ಹೊರಡುವಾಗ ಮಾತ್ರ ಗಡಗಡ ಎಂದರೆ ಸೆಂಟರ್ ಬೇರಿಂಗ್‌ನ ರಬ್ಬರ್ ಹರಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಬಾಣದ ಗುರುತು

ನಮ್ಮ ಲಾರಿಯ ದೋಷ ಇದ್ದದ್ದು ಇಲ್ಲಿ. ಕೋನದಲ್ಲಿರುವ ಕ್ರಾಸ್ ತಿರುಗುವಿಕೆಯನ್ನು ಒಂದೇ ಸಮನಾಗಿ ದಾಟಿಸುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಹೆಚ್ಚಿ ಎರಡು ಸಲ ತಗ್ಗುತ್ತದೆ. ಈ ಏರಿಳಿತವನ್ನು ಶಾಫ್ಟ್‌ನ ಇನ್ನೊಂದು ತುದಿಯ ಕ್ರಾಸ್ ಸರಿದೂಗಿಸಬೇಕು. ಶಾಫ್ಟ್‌ನ ಎರಡೂ ತುದಿಯ, ಕವೆಯಂತಿರುವ ಯೋಕ್‌ಗಳು ಒಂದೇ ಸಾಲಿನಲ್ಲಿದ್ದರೆ ಮಾತ್ರ ಅದು ಸಾಧ್ಯ. ಹಿಂದೆ ಯಾವಾಗಲೋ ಕ್ರಾಸ್ ಬದಲಿಸುವಾಗ ನಮ್ಮ ಶಾಫ್ಟನ್ನು ಹಲ್ಲಿಗೆ ಹಲ್ಲು ಕೂಡುವ ಸ್ಪ್ಲೈನ್‌ನಲ್ಲಿ ಬಿಡಿಸಿ, ಮತ್ತೆ ಕೂಡಿಸುವಾಗ ಎರಡು ಹಲ್ಲು ಅತ್ತ ಕೂಡಿಸಿದ್ದರು. ಮಣ್ಣು ಕೆರೆದಾಗ, ಕೂಡಿಸುವಾಗ ಎದುರುಬದುರು ಬರಲೆಂದು ಕಂಪನಿಯೇ ಹಾಕಿದ ಎರಡು ಬಾಣಗಳು ಕಂಡವು. ಒಂದು ಮೇಲಕ್ಕೆ, ಇನ್ನೊಂದು ಪಕ್ಕಕ್ಕೆ! ಎಳೆದು, ತಿರುಗಿಸಿ, ಬಾಣಕ್ಕೆ ಬಾಣ ಕೂಡಿಸಿ ಹಾಕಿದೆವು. ಅಂದು ಸಂಜೆ ಅರವತ್ತರಲ್ಲಿ ಗೇರ್ ಲಿವರ್ ಅಲುಗಲಿಲ್ಲ. ಎರಡು ತುಂಡಿನ ಶಾಫ್ಟ್‌ನಲ್ಲಿ ಕಂಪನಿಯ ಗುರುತೇ ಪ್ರಮಾಣ. ಗುರುತು ಅಳಿಸಿಹೋಗಿದ್ದರೆ, ಬಿಚ್ಚುವ ಮುನ್ನ ನೀವೇ ಬಣ್ಣ ಹಚ್ಚಿ.

ಬಾಣ ಸರಿಯಿದ್ದೂ ನಡುಕ ಉಳಿದರೆ ಕೋನ ಅಳೆಯಿರಿ. ಮೊಬೈಲ್‌ನಲ್ಲಿರುವ ಮಟ್ಟಗೋಲಿನ ಆ್ಯಪ್ ಅಂದಾಜಿಗೆ ಸಾಕು. ಗೇರ್‌ಬಾಕ್ಸ್, ಶಾಫ್ಟ್, ಪಿನಿಯನ್ ಮೂರರ ಓರೆಯನ್ನೂ ಮಾಮೂಲಿ ಲೋಡಿನಲ್ಲಿ ಬರೆದುಕೊಳ್ಳಿ. ಎರಡು ಜಾಯಿಂಟ್‌ಗಳ ಕೋನಕ್ಕೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹೆಚ್ಚು ಭಾರ ಹೇರಲೆಂದು ಹಿಂದೆ ಸ್ಪ್ರಿಂಗ್‌ಗೆ ಒಂದೆರಡು ಪಟ್ಟಿ ಸೇರಿಸಿದ ಲಾರಿಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾಗಿದ್ದರೂ ಹೌಸಿಂಗ್ ಜರುಗುತ್ತದೆ.

ಉಳಿದದ್ದು ಸೊಟ್ಟ ಮತ್ತು ತೂಕ. ಹಿಂದಿನ ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಸೀಮೆಸುಣ್ಣ ಅಲುಗದಂತೆ ಹಿಡಿಯಿರಿ. ಗೆರೆ ಸುತ್ತಲೂ ಬಿದ್ದರೆ ಸರಿ, ಒಂದೇ ಕಡೆ ಬಿದ್ದರೆ ಶಾಫ್ಟ್ ಬಾಗಿದೆ. ಎಂಜಿನ್ ಹಚ್ಚಿ ತಿರುಗಿಸಿ ಯಾರನ್ನೂ ಕೆಳಗೆ ಕಳಿಸಬೇಡಿ. ಬಾಗಿದ ಶಾಫ್ಟನ್ನು ಬ್ಯಾಲೆನ್ಸಿಂಗ್ ಯಂತ್ರ ಇರುವ ಲೇತ್ ವರ್ಕ್‌ಶಾಪ್‌ಗೇ ಒಯ್ಯಿರಿ. ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿಸುವುದು ಬೇಡ.

ಕೂಡಿಸಿದ ಮೇಲೆ ಅದೇ ಲೋಡ್, ಅದೇ ರಸ್ತೆ, ಅದೇ ವೇಗದಲ್ಲಿ ಮತ್ತೆ ಓಡಿಸಿ ಮೊದಲು ಬರೆದದ್ದರ ಪಕ್ಕದಲ್ಲೇ ಬರೆಯಿರಿ. ಮೊದಲ ಟ್ರಿಪ್ ಮುಗಿಸಿ ಬಂದ ದಿನವೇ ಇನ್ನೊಮ್ಮೆ ಕೆಳಗಿಳಿದು ಫ್ಲ್ಯಾಂಜ್ ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡಿ.