ತೆಂಗಿನ ನಾರಿನ ಒಂಟಿ ಎಳೆಯನ್ನು ಎಳೆದು ಅಳೆದ ಬಗೆ

ಅರಸೀಕೆರೆ ಕಡೆಯಿಂದ ತರಿಸಿದ ತೆಂಗಿನ ನಾರನ್ನು ಎಪಾಕ್ಸಿ ರಾಳದೊಳಗೆ ಬಲವರ್ಧಕವಾಗಿ ಸೇರಿಸುವ ಮುನ್ನ, ಅದರ ಒಂದೊಂದೇ ಎಳೆಯ ಕರ್ಷಣ ಸಾಮರ್ಥ್ಯವನ್ನು, ಅಂದರೆ ಎಳೆದಾಗ ತುಂಡಾಗದೆ ತಾಳುವ ಶಕ್ತಿಯನ್ನು, ಅಳೆಯುವ ಕೆಲಸ ಹಾಸನದ ನಮ್ಮ ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದಿತು. ಕಬ್ಬಿಣದ ಸರಳುಗಳನ್ನು ಎಳೆಯುವ ದೊಡ್ಡ ಯಂತ್ರಕ್ಕೆ ಕೆಲವೇ ನ್ಯೂಟನ್‌ಗಳ ಬಲ ಗೊತ್ತೇ ಆಗುವುದಿಲ್ಲವಾದ್ದರಿಂದ, 50 ನ್ಯೂಟನ್‌ವರೆಗಿನ ಬಲವನ್ನು ಅಳೆಯುವ ಲೋಡ್ ಸೆಲ್ ಎಂಬ ಸಂವೇದಕ ಇದ್ದ ಚಿಕ್ಕ ಯಂತ್ರವನ್ನು ಬಳಸಿದೆ.

ಎಳೆಯನ್ನು ನೇರವಾಗಿ ಹಿಡಿಕೆಗೆ ಸಿಕ್ಕಿಸಿದರೆ ಅದು ಅಲ್ಲಿಯೇ ಜಜ್ಜಿಹೋಗುತ್ತದೆ. ಆದ್ದರಿಂದ ದಪ್ಪ ಡ್ರಾಯಿಂಗ್ ಹಾಳೆಯಲ್ಲಿ 25 ಮಿ.ಮೀ. ಉದ್ದದ ಕಿಟಕಿಯನ್ನು ಕೊರೆದು, ಅದರ ನಡುವೆ ಎಳೆಯನ್ನಿಟ್ಟು ಎರಡೂ ತುದಿಗಳನ್ನು ಅಂಟಿಸಿ, ಚೌಕಟ್ಟನ್ನು ಯಂತ್ರಕ್ಕೆ ಬಿಗಿದ ನಂತರ ಪಕ್ಕದ ಕಾಗದದ ಪಟ್ಟಿಗಳನ್ನು ಕತ್ತರಿಸುತ್ತಿದ್ದೆ. ಅವಸರದಲ್ಲಿ ಮೊದಲು ಬಳಸಿದ, ಕ್ಷಣದಲ್ಲಿ ಒಣಗುವ ಅಂಟು ಎಳೆಯ ಗುಂಟ ಹರಿದು ಗಟ್ಟಿಯಾಗಿ, ಎಳೆಗಳು ಅಂಟಿನ ಅಂಚಿನಲ್ಲೇ ತುಂಡಾದವು. ಅವನ್ನು ಲೆಕ್ಕದಿಂದ ಕೈಬಿಟ್ಟು, ಎಪಾಕ್ಸಿ ಅಂಟು ಹಾಕಿ ಒಂದು ರಾತ್ರಿ ಒಣಗಲು ಬಿಟ್ಟೆ.

ನನ್ನನ್ನು ನಿಜವಾಗಿ ದಣಿಸಿದ್ದು ಬಲವಲ್ಲ, ವ್ಯಾಸ. ಸಾಮರ್ಥ್ಯವೆಂದರೆ ತುಂಡಾದಾಗಿನ ಬಲವನ್ನು ಎಳೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ್ದು; ಆ ವಿಸ್ತೀರ್ಣ ಸಿಗುವುದು ವ್ಯಾಸದ ವರ್ಗದಿಂದ. ಒಂದು ಎಳೆ 6 ನ್ಯೂಟನ್‌ಗೆ ತುಂಡಾಯಿತೆನ್ನಿ. ವ್ಯಾಸ 0.25 ಮಿ.ಮೀ. ಎಂದು ಹಿಡಿದರೆ ಸಾಮರ್ಥ್ಯ ಸುಮಾರು 122 ಮೆಗಾಪ್ಯಾಸ್ಕಲ್, 0.22 ಎಂದರೆ 158. ಕೂದಲೆಳೆಯಷ್ಟೂ ಇಲ್ಲದ ವ್ಯತ್ಯಾಸ ಹೀಗೆ ಉತ್ತರವನ್ನೇ ಬದಲಿಸಿಬಿಡುತ್ತದೆ. ಅದೂ ಅಲ್ಲದೆ ತೆಂಗಿನ ನಾರು ಗಾಜಿನ ಎಳೆಯಂತೆ ದುಂಡಗಿಲ್ಲ, ಉದ್ದಕ್ಕೂ ಒಂದೇ ದಪ್ಪವಿಲ್ಲ, ಒಳಗೆ ಟೊಳ್ಳು ಬೇರೆ. ಮೈಕ್ರೋಮೀಟರ್‌ನಿಂದ ಒತ್ತಿ ಅಳೆಯುವುದನ್ನು ಬಿಟ್ಟು, ಸೂಕ್ಷ್ಮದರ್ಶಕದಡಿ ಪ್ರತಿ ಎಳೆಯನ್ನೂ ಐದು ಕಡೆ, ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆದೆ. ಒಂದು ಎಳೆ ತುಂಡಾಗಲು ನಿಮಿಷವೂ ಬೇಡ. ಅದನ್ನು ಅಳೆಯಲು ಹತ್ತು ನಿಮಿಷವಾದರೂ ಬೇಕಿತ್ತು.

ಮಲೆನಾಡಿನ ಮಗ್ಗುಲಿನ ಊರಾದ್ದರಿಂದ ಮಳೆಗಾಲದ ತೇವವನ್ನೂ ಮರೆಯುವಂತಿರಲಿಲ್ಲ. ನಾರು ತೇವವನ್ನು ಹೀರುತ್ತದೆ. ಎಲ್ಲ ಎಳೆಗಳನ್ನೂ 27 ಡಿಗ್ರಿ ಸೆಲ್ಸಿಯಸ್, ಶೇ. 65 ಆರ್ದ್ರತೆಯಲ್ಲಿ ಒಂದು ದಿನ ಇರಿಸಿಯೇ ಎಳೆದೆ.

ಅಷ್ಟಾದರೂ ಫಲಿತಾಂಶಗಳು ಚದುರಿಯೇ ಇದ್ದವು. ಅದು ನನ್ನ ತಪ್ಪೆಂದು ಕೆಲವು ದಿನ ಕೊರಗಿದ್ದೂ ಉಂಟು. ಆದರೆ ಎಳೆ ತನ್ನ ಅತ್ಯಂತ ದುರ್ಬಲ ಜಾಗದಲ್ಲಿ ತುಂಡಾಗುವುದರಿಂದಲೂ, ಉದ್ದ ಹೆಚ್ಚಿದಷ್ಟೂ ಅಂಥ ಜಾಗ ಸಿಗುವ ಸಂಭವ ಹೆಚ್ಚುವುದರಿಂದಲೂ ಚದುರುವಿಕೆ ವಸ್ತುವಿನದೇ ಗುಣ. ಹಾಗಾಗಿ ಸರಾಸರಿಯೊಂದನ್ನೇ ಬರೆಯದೆ, ಯಾವ ಸಾಮರ್ಥ್ಯದೊಳಗೆ ಎಷ್ಟು ಪಾಲು ಎಳೆಗಳು ತುಂಡಾಗುತ್ತವೆಂದು ತೋರಿಸುವ ವೈಬುಲ್ ವಿತರಣೆಯ ಗೆರೆಯನ್ನೂ ಪರೀಕ್ಷಿಸಿದ ಎಳೆಯ ಉದ್ದವನ್ನೂ ವರದಿಯಲ್ಲಿ ಜೊತೆಗಿಟ್ಟೆ.