ಬಾಡಿಗೆ ಹಾಯಿದೋಣಿಯನ್ನು ಮೂರಿಂಗ್ ಬೋಯ್‌ಗೆ ಕಟ್ಟುವ ಬಗೆ

ಮೂರಿಂಗ್ ಬೋಯ್ ಎಂದರೆ ದೋಣಿ ಕಟ್ಟಲೆಂದು ನೀರಿನ ತಳಕ್ಕೆ ಬಿಗಿದಿರುವ ತೇಲುಗುಂಡು. ಅದು ಹತ್ತಿರವಾಗುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು. ಹಾಯಿ ಇಳಿಸಿ, ಎಂಜಿನ್ ಶುರು ಮಾಡಿ. ಹಿಂದೆ ಎಳೆದು ತರುವ ಡಿಂಗಿಯ (ಪುಟ್ಟ ದೋಣಿಯ) ಹಗ್ಗವನ್ನು ಪೂರ್ತಿ ಹತ್ತಿರಕ್ಕೆ ಎಳೆದು ಕಟ್ಟಿ. ರಿವರ್ಸ್ ಹಾಕಿದಾಗ ಸಡಿಲ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಎಂಜಿನ್ ಅಲ್ಲೇ ನಿಂತುಬಿಡುತ್ತದೆ. ದೋಣಿಯ ಮೂತಿಯಲ್ಲಿರುವ ಎಡ, ಬಲ ಕ್ಲೀಟ್‌ಗಳಿಗೆ (ಹಗ್ಗ ಸುತ್ತುವ ಎರಡು ಕೊಂಬಿನ ಗೂಟಗಳಿಗೆ) ಒಂದೊಂದು ಹಗ್ಗ ಬಿಗಿಯಿರಿ. ಇನ್ನೊಂದು ತುದಿಯನ್ನು ರೇಲಿಂಗ್ ಕೆಳಗಿಂದ ಹೊರಗೆ ಹಾಯಿಸಿ, ಮೇಲಿಂದ ಕೈಗೆ ತೆಗೆದುಕೊಳ್ಳಿ.

ಸುತ್ತ ಕಟ್ಟಿರುವ ದೋಣಿಗಳ ಮೂತಿ ಯಾವ ಕಡೆಗಿದೆ ನೋಡಿ. ಗಾಳಿಗಿಂತ ನೀರಿನ ಸೆಳೆತ ಜೋರಿದ್ದರೆ ಅವು ಸೆಳೆತಕ್ಕೆ ಮುಖ ಮಾಡಿರುತ್ತವೆ. ನೀವೂ ಅದೇ ದಿಕ್ಕಿಗೆ ಮುಖ ಮಾಡಿ, ನಡಿಗೆಗಿಂತ ನಿಧಾನವಾಗಿ ಹೋಗಿ. ಕೊನೆಯ ಕೆಲವು ಮೀಟರ್‌ಗಳಲ್ಲಿ ಚುಕ್ಕಾಣಿ ಹಿಡಿದವರಿಗೆ ಬೋಯ್ ಕಾಣುವುದೇ ಇಲ್ಲ. ಮೂತಿಯಲ್ಲಿ ನಿಂತವರು ಬೋಟ್ ಹುಕ್ಕನ್ನು (ತುದಿಯಲ್ಲಿ ಕೊಕ್ಕೆಯಿರುವ ಕೋಲನ್ನು) ಸದಾ ಬೋಯ್ ಕಡೆಗೇ ತೋರಿಸುತ್ತಿರಲಿ. ಕೂಗಿದರೆ ಎಂಜಿನ್ ಸದ್ದಿನಲ್ಲಿ ಕೇಳಿಸದು. ಬೋಯ್ ಮೂತಿಯಡಿ ಬಂದಾಗ ದೋಣಿ ನಿಂತಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ನಿಂತ ದೋಣಿಯ ಮೂತಿಯನ್ನು ಗಾಳಿ ಬೇಗ ಪಕ್ಕಕ್ಕೆ ತಳ್ಳುತ್ತದೆ. ತಪ್ಪಿತೆಂದರೆ ಕೈಬಿಡಿ, ಸುತ್ತು ಹಾಕಿ ಮತ್ತೆ ಬನ್ನಿ. ಹಲವು ಟನ್ ತೂಕವನ್ನು ತೋಳಿನಿಂದ ಹಿಡಿದು ನಿಲ್ಲಿಸಲು ಹೋದವರೇ ಭುಜ ಉಳುಕಿಸಿಕೊಳ್ಳುವುದು, ನೀರಿಗೆ ಬೀಳುವುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ.

ಬೋಟ್ ಹುಕ್ಕಿಗೆ ಸಿಕ್ಕ ಬೋಯ್‌ನ ತೆಳು ಹಗ್ಗ ಎತ್ತಿಕೊಳ್ಳಲು ಮಾತ್ರ, ಅದಕ್ಕೆ ದೋಣಿ ಕಟ್ಟಬೇಡಿ. ಅದರ ಕೆಳಗಿನ ದಪ್ಪ ಹಗ್ಗದ ಕುಣಿಕೆಯನ್ನು ಮೇಲೆಳೆದು, ಎಡಗಡೆಯ ಹಗ್ಗವನ್ನು ಅದರೊಳಗೆ ತೂರಿಸಿ ಎಡ ಕ್ಲೀಟ್‌ಗೇ ವಾಪಸ್ ತನ್ನಿ, ಬಲಗಡೆಯದನ್ನು ಬಲಕ್ಕೆ. ಇದರಲ್ಲಿ ರಾಜಿ ಇಲ್ಲ. ಒಂದೇ ಹಗ್ಗವನ್ನು ಎಡದಿಂದ ಬಲಕ್ಕೆ ಹಾಯಿಸಿದರೆ, ರಾತ್ರಿಯಿಡೀ ದೋಣಿ ತೂಗಾಡುವಾಗ ಅದು ಗರಗಸದಂತೆ ಕುಣಿಕೆಗೆ ಉಜ್ಜಿ ಸವೆಯುತ್ತದೆ. ಕ್ಲೀಟ್‌ಗೆ ಪೂರ್ತಿ ಒಂದು ಸುತ್ತು, ಮೇಲೆ ಎಂಟರ ಆಕಾರ, ಕೊನೆಗೆ ಬಿಚ್ಚಿಕೊಳ್ಳದಂತೆ ತಿರುವಿ ಹಾಕುವ ಬೀಗದ ಸುತ್ತು. ಎರಡೂ ಹಗ್ಗ ಸಮ ಉದ್ದವಿರಲಿ. ತೀರಾ ಗಿಡ್ಡವಾದರೆ ಅಲೆ ಎದ್ದಾಗಲೆಲ್ಲ ಕ್ಲೀಟ್ ಕಿತ್ತುಬರುವಂತೆ ಜಗ್ಗುತ್ತದೆ, ಉದ್ದವಾದರೆ ಬೋಯ್ ದೋಣಿಗೆ ಬಡಿಯುತ್ತದೆ.

ನಿಧಾನವಾಗಿ ರಿವರ್ಸ್ ಕೊಟ್ಟು ಹಿಡಿತ ಪರೀಕ್ಷಿಸಿ. ಎಂಜಿನ್ ಆರಿಸಿದ ಮೇಲೆ, ನೀರು ತಿಳಿಯಾಗಿದ್ದರೆ ಮಾಸ್ಕ್ ಹಾಕಿ ಇಳಿದು ಸರಪಳಿ, ಅದನ್ನು ಜೋಡಿಸುವ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿ) ಸವೆದಿವೆಯೇ ನೋಡಿ. ಶ್ಯಾಕಲ್ ಪಿನ್ನಿಗೆ ತಂತಿ ಬಿಗಿದಿರಬೇಕು. ಬೋಯ್ ಮೇಲೆ ದೋಣಿಯ ಉದ್ದ, ತೂಕದ ಮಿತಿ ಬರೆದಿದ್ದರೆ ಅದನ್ನು ಮೀರಬೇಡಿ. ಯಾವ ಬೋಯ್ ಬಳಸಬಹುದೆಂದು ಬಾಡಿಗೆ ಕೊಟ್ಟವರನ್ನು ಹೊರಡುವ ಮುಂಚೆಯೇ ಕೇಳಿ. ಅನುಮಾನ ಬಂದರೆ ಬೇರೆಯದಕ್ಕೆ ಹೋಗಿ. ಕತ್ತಲಾಗುವಾಗ ಸುತ್ತಲೂ ಕಾಣುವ ಬಿಳಿ ದೀಪ ಹಚ್ಚಿ, ಮಲಗುವ ಮುನ್ನ ಹಗ್ಗ ಉಜ್ಜುವ ಜಾಗಗಳನ್ನು ಮುಟ್ಟಿ ನೋಡಿ.

ಹೊರಡುವಾಗ ಒಂದೊಂದೇ ಹಗ್ಗದ ತುದಿ ಬಿಚ್ಚಿ ಡೆಕ್‌ನಿಂದಲೇ ಎಳೆದುಕೊಳ್ಳಿ. ಆ ತುದಿಯಲ್ಲಿ ಗಂಟಿರಬಾರದು, ಕುಣಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ.